ಫೋನು ಮಾಡಿದ್ದು 6:40ಕ್ಕೆ, ಜೀಪು ಬಂದದ್ದು ಹತ್ತಕ್ಕೆ

ನನ್ನದು ಒಣ ಬೇಸಾಯ. ಕರಾವಳಿಯಲ್ಲಿ ಎಂತಾ ಒಣ ಬೇಸಾಯ ಮಾರಾಯ್ರೆ ಎಂದು ಘಟ್ಟದ ಮೇಲಿನ ನೆಂಟರು ನಗುತ್ತಾರೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ನಮ್ಮದು, ಹೌದು. ಆದರೆ ಮಕ್ಕಿ ಗದ್ದೆಯವನಿಗೆ ಅದು ಬಂದ ದಾರಿಯಲ್ಲೇ ಹೋಗುವ ನೀರು. ದೀಪಾವಳಿ ಕಳೆದರೆ ನನ್ನ ಒಂದೂವರೆ ಎಕರೆಯಲ್ಲಿ ಕೊಡ ನೀರು ಸಿಗೂದಿಲ್ಲ. ಭತ್ತ ಕೊಯ್ದ ಮೇಲೆ ಇಬ್ಬನಿ ನಂಬಿ ಶೇಂಗಾ, ಉದ್ದು ಹಾಕುತ್ತೇನೆ. ಇಲ್ಲಿಯವರೆಗೆ ಈ ಪತ್ರಿಕೆಗೆ ಬರೆದದ್ದೂ ಶೇಂಗಾ ಬಗ್ಗೆಯೇ. ಈ ಸಲ ಬೇರೆ ವಿಷಯ ಬರೆಯುತ್ತಿದ್ದೇನೆ. ಪೊಲೀಸರಿಗೆ ಫೋನು ಮಾಡಿದರೆ ಏನಾಗುತ್ತದೆ, ಏನಾಗುವುದಿಲ್ಲ ಎಂಬ ವಿಷಯ. ಇದಕ್ಕೂ ಬೇಸಾಯಕ್ಕೂ ಎಂತ ಸಂಬಂಧ ಎಂದು ಕೇಳುವವರು ತಮ್ಮ ಊರಿನ ಬೇಲಿ ಜಗಳ, ಹಾದಿ ಜಗಳ, ಹಿಸ್ಸೆ ಜಗಳ ಎಷ್ಟಿವೆ ಎಂದು ಒಮ್ಮೆ ಬೆರಳು ಮಡಚಿ ಎಣಿಸಲಿ.

ಊರು ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಒಳಗೇ ಒಂದು ಮೂಲೆ. ಹೆಸರು ಬರೆಯುವುದಿಲ್ಲ. ಊರ ಹೆಸರು ಹಾಕಿದರೆ ಠಾಣೆಯ ಹೆಸರು ಹಾಕಿದ ಹಾಗೆಯೇ ಆಗುತ್ತದೆ. ಅಲ್ಲಿ ಆಗ ಇದ್ದವರು ಈಗ ವರ್ಗವಾಗಿ ಹೋಗಿದ್ದಾರೆ. ನಾಳೆ ನಾವು ಹೋಗಬೇಕಾದ್ದೂ ಅದೇ ಠಾಣೆಗೆ.

2024ರ ನವೆಂಬರ್, ದೀಪಾವಳಿ ಕಳೆದು ಎರಡನೇ ವಾರ. ನನ್ನ ಗದ್ದೆಯ ಕೆಳಗೆ ಅಣ್ಣ ತಮ್ಮ ಇಬ್ಬರದು 32 ಗುಂಟೆ ಜಾಗ. ಅಪ್ಪ ತೀರಿಕೊಂಡ ಮೇಲೆ ಖಾತೆ ಜಂಟಿಯಾಗಿಯೇ ಉಳಿದಿತ್ತು. ಅಣ್ಣ ಊರಲ್ಲೇ ಇದ್ದು ಉಳುಮೆ ಮಾಡಿದವ. ತಮ್ಮ ಹದಿನೆಂಟು ವರ್ಷ ಗೋವಾದಲ್ಲಿ ಇದ್ದು ಬಂದವ. ಬಂದವನೇ ತನ್ನ ಪಾಲು ಇಷ್ಟು ಎಂದು ಅಂದಾಜಿನ ಮೇಲೆ ಹಗ್ಗ ಹಿಡಿದು ಬೇಲಿ ಹಾಕಿದ. ಆ ಬೇಲಿ ಗಾಡಿ ಹಾದಿಯ ಮೇಲೇ ಬಂತು. ನನ್ನ ಗದ್ದೆಗೆ, ಅವನ ಅಣ್ಣನ ಗದ್ದೆಗೆ, ಅದರ ಆಚೆಯ ಇನ್ನೆರಡು ಮನೆಯವರ ಗದ್ದೆಗೆ ಟಿಲ್ಲರ್ ಹೋಗುವುದು ಅದೇ ಹಾದಿಯಲ್ಲಿ. ಶೇಂಗಾ ಬಿತ್ತುವ ಹದ ನಾಲ್ಕು ದಿನ ಮೀರಿದರೆ ಹೋಯಿತು, ಮಣ್ಣು ಆರಿಬಿಡುತ್ತದೆ. ಅಣ್ಣ ಬೆಳಗ್ಗೆ ಹೋಗಿ ಎರಡು ಗೂಟ ಕಿತ್ತ. ಸಂಜೆ ತಮ್ಮ ಕುಡಿದು ಬಂದ.

6:40ಕ್ಕೆ ಅಣ್ಣನ ಹೆಂಡತಿ ಓಡಿ ಬಂದಳು. ನಮ್ಮ ಕೇರಿಯಲ್ಲಿ ಫೋನಿನ ಸಿಗ್ನಲ್ ಸಿಗುವುದು ನಮ್ಮ ಅಂಗಳದ ಹಲಸಿನ ಮರದ ಬುಡದಲ್ಲಿ ಮಾತ್ರ. "ಅಣ್ಣಾ, ಪೋಲೀಸ್ರಿಗೆ ಒಂದು ಫೋನು ಮಾಡು. ಇವತ್ತು ಅವ್ನ ನಮೂನೆ ಸರಿ ಇಲ್ಲ" ಅಂದಳು. ನನ್ನ ಹತ್ತಿರ ಠಾಣೆಯ ನಂಬರು ಇತ್ತು. ಸೊಸೈಟಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟದ್ದು. ಮೂರು ಸಲ ಹೊಡೆದೆ, ಯಾರೂ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿದರು. ನಾನು ಹೇಳಿದ್ದು ಇಷ್ಟು: "ಸಾಹೇಬ್ರೆ, ಇಲ್ಲಿ ಅಣ್ಣ ತಮ್ಮನ ಜಾಗದ ಜಗಳ, ಸ್ವಲ್ಪ ಜೋರಾಗಿದೆ, ಒಮ್ಮೆ ಬಂದು ಹೋದ್ರೆ ಒಳ್ಳೇದಿತ್ತು."

ಆಚೆಯಿಂದ ಬಂದ ಉತ್ತರ: "ಜಾಗದ ತಕರಾರು ಸಿವಿಲ್ ಆಯ್ತಲ್ಲ ಯಜಮಾನ್ರೆ. ನಾಳೆ ಎರಡೂ ಪಾರ್ಟಿಯವರು ಹತ್ತು ಗಂಟೆಗೆ ಬನ್ನಿ."

ಆಯ್ತು ಎಂದು ಇಟ್ಟೆ. ಅವಳಿಗೆ ನಾಳೆ ಹೋಗೋಣ ಎಂದೆ. ಅವಳು ಮಾತಾಡದೆ ಕೆಳಗೆ ಇಳಿದು ಹೋದಳು. 8:25ಕ್ಕೆ ಕೂಗು ಕೇಳಿತು. ನಾನು ಬ್ಯಾಟರಿ ಹಿಡಿದು ದಣಪೆ ದಾಟುವಷ್ಟರಲ್ಲಿ ಆಗಬಾರದ್ದು ಆಗಿತ್ತು. ತಲೆಗೆ ಬೀಸಿದ ಕತ್ತಿಗೆ ಆತ ಬಲಗೈ ಅಡ್ಡ ಕೊಟ್ಟಿದ್ದ. ಎರಡು ಬೆರಳು ತೊಗಲಿನಲ್ಲಿ ಜೋತಾಡುತ್ತಿದ್ದವು, ಅಂಗೈ ಅಡ್ಡಕ್ಕೆ ಸೀಳಿತ್ತು. ತಮ್ಮ ಕತ್ತಿಯನ್ನು ಅಲ್ಲೇ ಎಸೆದು ಬೇಲಿ ಪಕ್ಕ ಕೂತುಬಿಟ್ಟಿದ್ದ. ಓಡಲೂ ಇಲ್ಲ.

ನಾನು ಮತ್ತೆ ಹಲಸಿನ ಮರದ ಬುಡಕ್ಕೆ ಓಡಿ 8:30ಕ್ಕೆ 112 ಒತ್ತಿದೆ. ಆ ಹೊತ್ತಿಗೆ ಆ ನಂಬರು ಹೇಳಿಕೊಟ್ಟದ್ದು ಒಂಬತ್ತನೇ ತರಗತಿಗೆ ಹೋಗುವ ನನ್ನ ಮೊಮ್ಮಗಳು. ಕೂಡಲೇ ಎತ್ತಿದರು, ಮರ್ಯಾದೆಯಿಂದಲೇ ಮಾತಾಡಿದರು. ಹತ್ತಿರದ ಗುರುತು ಏನು ಎಂದು ಕೇಳಿದರು. ಹಲಸಿನ ಮರ ಎಂದೆ. ಈಗ ನೆನೆದರೆ ನನಗೇ ನಗು ಬರುತ್ತದೆ, ಆಗ ಕೈ ನಡುಗುತ್ತಿತ್ತು. ಕೇರಿಯ ಹೆಸರು ಹೇಳಿ ಫೋನು ಕಿಸೆಗೆ ಹಾಕಿ ಕೆಳಗೆ ಓಡಿದೆ. ಅಲ್ಲಿ ಸಿಗ್ನಲ್ ಇಲ್ಲ. ಜೀಪಿನವರು ನನಗೆ ಮೂರು ಸಲ ತಿರುಗಿ ಫೋನು ಮಾಡಿದ್ದರಂತೆ. ನಮ್ಮ ಕೇರಿಯ ಹೆಸರಿನದೇ ಇನ್ನೊಂದು ಕೇರಿ ತಾಲೂಕಿನ ಆಚೆ ತುದಿಯಲ್ಲಿದೆ. ಆ ರಾತ್ರಿ ಎರಡು ಕಡೆ ಕಾರ್ತಿಕದ ಉತ್ಸವದ ಬಂದೋಬಸ್ತು. ಜೀಪು ಇದ್ದದ್ದು ಒಂದರ ಹತ್ತಿರ, ಹೋದದ್ದು ಆ ಇನ್ನೊಂದು ಕೇರಿಗೆ. ಕಡೆಗೆ ನಮ್ಮಲ್ಲಿಗೆ ಬಂದಾಗ ಹತ್ತಕ್ಕೆ ಐದು ನಿಮಿಷ ಇತ್ತು. ಅಷ್ಟರಲ್ಲಿ ಗಾಯದವನನ್ನು ನಾವು ಮೀನಿನ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಅಲ್ಲಿಂದ ದಕ್ಷಿಣಕ್ಕೆ ಇನ್ನೂ ದೂರದ ದೊಡ್ಡ ಆಸ್ಪತ್ರೆಗೆ. ನಮ್ಮ ಜಿಲ್ಲೆಯ ಆಸ್ಪತ್ರೆಯ ಕತೆ ಎಲ್ಲರಿಗೂ ಗೊತ್ತಿದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರ ಕಡೆಗೆ ಓಡಿದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರಲ್ಲ, ಆ ಮೇಲೆ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕೆಂದು ಎದ್ದ ಕೂಗು ನೆನಪಿರಬಹುದು.

ಎರಡು ಬೆರಳು ಹೋದವು. ಕೈ ಉಳಿಯಿತು, ಹಿಡಿತ ಉಳಿಯಲಿಲ್ಲ.

ತಪ್ಪು ಯಾರದು?

ಮೊದಲು ನಾಲ್ಕು ದಿನ ನಾನು ಸಿಕ್ಕಿದವರ ಹತ್ತಿರವೆಲ್ಲ ಪೊಲೀಸರನ್ನು ಬೈದೆ. ಕೇರಿಯ ಎಲ್ಲರೂ ಬೈದರು. ಆಮೇಲೆ ಮಹಜರಿಗೆ ಬಂದ ಒಬ್ಬ ಹಳೆ ಹೆಡ್ ಕಾನ್‌ಸ್ಟೇಬಲ್ ಚಾ ಕುಡಿಯುತ್ತ ಒಂದು ಮಾತು ಹೇಳಿದರು. "ನೀವು ಮೊದಲ ಫೋನಿನಲ್ಲಿ ಜಾಗದ ಜಗಳ ಅಂದ್ರಿ. ಕುಡಿದಿದ್ದಾನೆ, ಕೊಲ್ತೇನೆ ಅಂತ ಕೂಗ್ತಾ ಇದ್ದಾನೆ, ಮನೆಯಲ್ಲಿ ಕತ್ತಿ ಇದೆ ಅಂತ ಹೇಳಿದ್ರಾ?"

ಹೇಳಿರಲಿಲ್ಲ. ಆ ಹೆಣ್ಣುಮಗಳು ನನಗೆ ಅದನ್ನೇ ಹೇಳಿದ್ದಳು. ನಾನು ಸಾಹೇಬರ ಹತ್ತಿರ ಮಾತಾಡುವಾಗ ಗಂಟಲು ತಗ್ಗಿಸಿ, ಮಾತು ಮೆತ್ತಗೆ ಮಾಡಿ, ಜಾಗದ ಜಗಳ ಎಂದುಬಿಟ್ಟೆ. ನಮ್ಮ ಕಡೆಯ ರೂಢಿ ಅದು. ದೊಡ್ಡವರ ಎದುರು ನಮ್ಮ ಸಂಕಟವನ್ನು ಸಣ್ಣ ಮಾಡಿ ಹೇಳುವುದು.

ಹಾಗೆಂದು ಆ ಹೊತ್ತು ಫೋನು ಎತ್ತಿದವರದು ಸರಿ ಎಂದು ನಾನು ಒಪ್ಪುವುದಿಲ್ಲ. ಜೋರಾಗಿದೆ ಎಂದಿದ್ದೆ. ಎಷ್ಟು ಜೋರು, ಕೈಯಲ್ಲಿ ಏನಾದರೂ ಇದೆಯಾ ಎಂಬ ಎರಡು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕಿತ್ತು. ಸಿವಿಲ್ ಎಂಬ ಒಂದು ಮಾತು ಇದೆಯಲ್ಲ, ಅದು ಠಾಣೆಯ ಬಾಗಿಲಿಗೆ ಹಾಕುವ ಅಗುಳಿ ಇದ್ದ ಹಾಗೆ. ಜಾಗದ ಸುದ್ದಿ ಬಂದರೆ ಸಾಕು, ಅಗುಳಿ ಬೀಳುತ್ತದೆ. ಈ ಮೂರು ತಾಲೂಕಿನಲ್ಲಿ ಹಿಸ್ಸೆ ಜಗಳ ಎಂದರೆ ಎಂತದು ಎಂದು ಗೊತ್ತಿಲ್ಲದವರಿಲ್ಲ. 2023ರ ಫೆಬ್ರವರಿ 24ರಂದು ಭಟ್ಕಳ ತಾಲೂಕಿನ ಹಾಡುವಳ್ಳಿಯಲ್ಲಿ ಆಸ್ತಿ ಪಾಲಿನ ದ್ವೇಷದಿಂದ ಹಗಲು ಹೊತ್ತಿನಲ್ಲೇ ಒಂದೇ ಕೃಷಿಕ ಮನೆಯ ನಾಲ್ವರನ್ನು ಕಡಿದು ಕೊಂದರು. ಆ ಸುದ್ದಿ ಬಂದ ಸಂಜೆ ನಮ್ಮ ಕೇರಿಯಲ್ಲಿ ಪಾಲಿನ ತಕರಾರು ಇದ್ದ ಮನೆಗಳವರು ಬೇಗ ಬಾಗಿಲು ಹಾಕಿಕೊಂಡಿದ್ದರು. ಎರಡು ವರ್ಷವೂ ತುಂಬಿರಲಿಲ್ಲ, ನಮ್ಮ ಬೇಲಿಯ ಹತ್ತಿರವೇ ರಕ್ತ ಬಿತ್ತು.

ಸಿವಿಲ್ ಯಾವುದು, ಕ್ರಿಮಿನಲ್ ಯಾವುದು?

ಏಳನೇ ತರಗತಿ ಓದಿದವ ನಾನು. ಆದರೂ ಈ ಕೇಸಿನ ದೆಸೆಯಿಂದ ತಾಲೂಕು ಕಾನೂನು ಸೇವಾ ಸಮಿತಿಗೆ ಹತ್ತಾರು ಸಲ ಹೋಗಿ ಬಂದೆ. ಅದು ಕೋರ್ಟಿನ ಆವರಣದಲ್ಲೇ ಇರುತ್ತದೆ, ಬಡವರಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ, 15100ಕ್ಕೆ ಫೋನು ಮಾಡಿದರೂ ತಿಳಿಸುತ್ತಾರೆ. ಅಲ್ಲಿ ಕೇಳಿ ತಿಳಿದದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ.

ಗಡಿ ಎಲ್ಲಿ, ಹಿಸ್ಸೆ ಎಷ್ಟು, ಖಾತೆ ಯಾರದು ಎಂಬುದು ಸಿವಿಲ್. ಅದನ್ನು ತೀರ್ಮಾನ ಮಾಡುವ ಅಧಿಕಾರ ಪೊಲೀಸರಿಗೆ ಇಲ್ಲ. ಅವರು ಮಾಡಲು ಹೊರಟರೂ ನಾವು ಒಪ್ಪಬಾರದು. ಅದೇ ಗಡಿಯ ಮೇಲೆ ನಿಂತು ಕತ್ತಿ ಎತ್ತಿದರೆ, ಹೊಡೆದರೆ, ಹಾದಿಯಲ್ಲಿ ಹೋಗುವವನನ್ನು ತಡೆದು ನಿಲ್ಲಿಸಿದರೆ, ಮನೆಗೆ ನುಗ್ಗಿದರೆ ಅದು ಸಿವಿಲ್ ಅಲ್ಲ. ಜಾಗ ಯಾರದಾದರೂ ಆಗಿರಲಿ, ತಡೆಯುವುದು ಪೊಲೀಸರ ಕೆಲಸವೇ. 2024ರ ಜುಲೈ 1ರಿಂದ ಹಳೆ ಸಿ.ಆರ್.ಪಿ.ಸಿ. ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 168ನೇ ಕಲಮಿನಲ್ಲಿ, ಪೊಲೀಸು ಕೇಸು ಮಾಡಬಹುದಾದ ಅಪರಾಧ ಆಗದಂತೆ ಮುಂಚೆಯೇ ತಡೆಯಬೇಕು ಎಂದಿದೆ. 170ರಲ್ಲಿ, ಬೇರೆ ದಾರಿ ಇಲ್ಲದಿದ್ದರೆ ಅಂಥವನನ್ನು ಹಿಡಿದು ಕೂರಿಸಲೂಬಹುದು. ಜಗಳ ಮುಂದುವರಿಯುವ ಹಾಗಿದ್ದರೆ 126ರಲ್ಲಿ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಹಳಬರು 107 ಹಾಕಿದ್ದಾರೆ ಎನ್ನುತ್ತಿದ್ದರಲ್ಲ, ಅದೇ ಇದು. ಜಾಗದ ಸ್ವಾಧೀನ, ನೀರು, ಹಾದಿಯ ವಿಷಯದಲ್ಲೇ ಹೊಡೆದಾಟ ಆಗುವ ಹಾಗಿದ್ದರೆ 164 ಇದೆ, ಹಿಂದಿನ 145. ಸಿವಿಲ್ ಎಂದು ಹೇಳಿ ಕಳಿಸುವವರಿಗೆ ಈ 164ರ ಮಾತು ಒಮ್ಮೆ ಕಿವಿಗೆ ಹಾಕಿ ನೋಡಿ. ಜಾಗದ ಜಗಳಕ್ಕೇ ಎಂದು ಕಾನೂನಿನಲ್ಲಿ ಬಾಗಿಲು ಇಟ್ಟಿದ್ದಾರೆ.

ದೂರು ಬರೆದುಕೊಳ್ಳದಿದ್ದರೆ? ಪೊಲೀಸು ನೇರವಾಗಿ ಕೇಸು ಹಾಕಬೇಕಾದ ಅಪರಾಧದ ಸುದ್ದಿ ಬಂದರೆ ಎಫ್.ಐ.ಆರ್. ಮಾಡಲೇಬೇಕು ಎಂದು ಸುಪ್ರೀಂ ಕೋರ್ಟು 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿ ಆಗಿದೆ. ಹೊಸ ಸಂಹಿತೆಯ 173ರಲ್ಲಿ ನಮ್ಮ ಹದ್ದಿಗೆ ಬರುವುದಿಲ್ಲ ಎಂದು ತಿರುಗಿಸಿ ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ಫೋನಿನ ಮೂಲಕ, ಇ-ಮೇಲಿನ ಮೂಲಕ ಕೊಟ್ಟರೂ ನಡೆಯುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕೊಡದಿದ್ದರೆ ಕಾರವಾರಕ್ಕೆ, ಎಸ್.ಪಿ.ಯವರಿಗೆ ರಿಜಿಸ್ಟರ್ ಟಪಾಲಿನಲ್ಲಿ ಅದೇ ದೂರನ್ನು ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಟಪಾಲಿನ ರಶೀದಿ ಮಾತ್ರ ಕಳೆದುಕೊಳ್ಳಬೇಡಿ. ಬರೇ ಬೈದದ್ದು, ಕೆನ್ನೆಗೆ ಒಂದು ಬಿಟ್ಟದ್ದು ಎಂಬಂಥವಕ್ಕೆ ಎನ್.ಸಿ. ಎಂದು ಮಾಡುತ್ತಾರೆ. ಅದಕ್ಕೆ ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ನಡೆಯುವುದಿಲ್ಲ. ಆದರೂ ಅದರ ಹಿಂಬರಹ ಕೇಳಿ ಇಟ್ಟುಕೊಳ್ಳಿ. ಮುಂದೆ ದೊಡ್ಡದು ಏನಾದರೂ ಆದರೆ ಮೊದಲೇ ತಿಳಿಸಿದ್ದೆವು ಎಂಬುದಕ್ಕೆ ಕಾಗದ ಬೇಕಲ್ಲ. ನಮ್ಮ 6:40ರ ಫೋನಿಗೆ ಎಂತ ಕಾಗದವೂ ಇಲ್ಲ. ಅದು ನನ್ನ ಬಾಯಿಮಾತು ಮಾತ್ರ.

112 ಎಂದರೆ ಎಲ್ಲಿಗೆ ಹೋಗುತ್ತದೆ?

ಇದು ನನಗೂ ಗೊತ್ತಿರಲಿಲ್ಲ. ನಾವು 112 ಒತ್ತಿದರೆ ನಮ್ಮ ತಾಲೂಕಿನ ಠಾಣೆಯಲ್ಲಿ ಗಂಟೆ ಹೊಡೆಯುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಕರೆ ಮೊದಲು ಹೋಗುವುದು ಬೆಂಗಳೂರಿನ ಕೇಂದ್ರಕ್ಕೆ. ಅಲ್ಲಿ ಬರೆದುಕೊಂಡು ಜಿಲ್ಲೆಯ ಕಂಟ್ರೋಲ್ ರೂಮಿಗೆ ದಾಟಿಸುತ್ತಾರೆ, ನಮ್ಮದಾದರೆ ಕಾರವಾರ. ಅಲ್ಲಿಂದ ಹತ್ತಿರ ಇರುವ ಗಾಡಿಗೆ. ಗಾಡಿಯಲ್ಲಿ ಒಂದು ಪರದೆ ಇರುತ್ತದೆ, ಅದರಲ್ಲಿ ವಿವರ ಮೂಡುತ್ತದೆ. 2012ರ ದಿಲ್ಲಿಯ ಆ ಘೋರ ಘಟನೆಯ ಮೇಲೆ ನ್ಯಾಯಮೂರ್ತಿ ವರ್ಮಾ ಸಮಿತಿ ಕೂತಿತ್ತಲ್ಲ, ದೇಶಕ್ಕೆಲ್ಲ ಒಂದೇ ತುರ್ತು ನಂಬರು ಬೇಕು ಎಂಬ ಮಾತು ಆಗ ಬಲವಾಯಿತು. ಮೊದಲು 2018ರಲ್ಲಿ ಹಿಮಾಚಲ ಪ್ರದೇಶದಲ್ಲಿ ಆರಂಭವಾಗಿ ಆಮೇಲೆ ನಮ್ಮ ರಾಜ್ಯಕ್ಕೂ ಬಂತು.

ಹಾಗಾಗಿ ಬೆಂಗಳೂರಿನಲ್ಲಿ ಕೂತ ಆ ಮಗುವಿಗೆ ನಮ್ಮ ಹಲಸಿನ ಮರ ಗೊತ್ತಿರುವುದು ಸಾಧ್ಯವೇ ಇಲ್ಲ. ಫೋನಿನಿಂದ ಜಾಗ ತಾನಾಗಿ ಗೊತ್ತಾಗುತ್ತದೆ ಎನ್ನುತ್ತಾರೆ. ಪೇಟೆಯಲ್ಲಿ ಹೌದು. ಟವರು ಮೂರು ಗುಡ್ಡದ ಆಚೆ ಇರುವ ನಮ್ಮಂಥ ಕಡೆ ಅದು ಕಿಲೋಮೀಟರುಗಟ್ಟಲೆ ತಪ್ಪಬಹುದು. ಹೆಸರಿನ ಗೊಂದಲ ಬೇರೆ. ಶಿರೂರು ಎಂದರೆ ಯಾವ ಶಿರೂರು? 2022ರಲ್ಲಿ ಆಂಬುಲೆನ್ಸ್ ಮಗುಚಿದ್ದು ಉಡುಪಿ ಜಿಲ್ಲೆ ಬೈಂದೂರಿನ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು, ಲಾರಿಯೊಂದು ಗಂಗಾವಳಿ ಹೊಳೆಯಿಂದ ಸೆಪ್ಟೆಂಬರ್ 25ಕ್ಕೆ ಮೇಲೆ ಬಂದದ್ದು ಅಂಕೋಲಾದ ಶಿರೂರು. ಎರಡೂ ಒಂದೇ 66ನೇ ಹೆದ್ದಾರಿಯ ಮೇಲೆ. ಬೈಲೂರು ಭಟ್ಕಳ ತಾಲೂಕಿನಲ್ಲೂ ಇದೆ, ಕಾರ್ಕಳದಲ್ಲೂ ಇದೆ. ಹೊಸಕೇರಿ, ಮೇಲಿನಕೇರಿ ಇಂಥವು ಎಷ್ಟಿವೆಯೋ ದೇವರಿಗೇ ಗೊತ್ತು.

ಅದಕ್ಕೇ ಜಿಲ್ಲೆ, ತಾಲೂಕು, ಗ್ರಾಮ ಪಂಚಾಯ್ತಿ, ಆಮೇಲೆ ಕೇರಿ, ಈ ಕ್ರಮದಲ್ಲಿ ಹೇಳಬೇಕು. ಗುರುತಿಗೆ ಶಾಲೆ, ಹಾಲಿನ ಡೈರಿ, ಅಂಗನವಾಡಿ. ಡಾಂಬರು ರಸ್ತೆಯಿಂದ ಎಷ್ಟು ದೂರ, ಎಡಕ್ಕೋ ಬಲಕ್ಕೋ. ಜೀಪು ಬರುತ್ತದಾ, ಸಂಕದ ಹತ್ತಿರವೇ ನಿಲ್ಲಿಸಿ ನಡೆಯಬೇಕಾ. ಇನ್ನು ಗಾಯ ಆಗಿದೆಯಾ, ಆಯುಧ ಇದೆಯಾ, ಹೊಡೆದವನು ಅಲ್ಲೇ ಇದ್ದಾನಾ ಎಂಬ ಮೂರನ್ನು ಅವರು ಕೇಳುವ ಮೊದಲೇ ಹೇಳಿಬಿಡಿ. ದೂರಿನ ನಂಬರು ಕೇಳಿ ಬರೆದುಕೊಳ್ಳಿ. ಫೋನು ಮಾಡಿದವ ಸಿಗ್ನಲ್ ಇರುವ ಜಾಗ ಬಿಟ್ಟು ಕದಲಬಾರದು. ನಾನು ಮಾಡಿದ ದೊಡ್ಡ ತಪ್ಪು ಅದೇ. ಓಡಲು ಕೇರಿಯಲ್ಲಿ ಬೇರೆಯವರು ಇದ್ದರು, ಮರದ ಬುಡದಲ್ಲಿ ನಿಲ್ಲಬೇಕಾದವ ನಾನು. ರಸ್ತೆ ತಿರುವಿನಲ್ಲಿ ಒಬ್ಬನನ್ನು ಬ್ಯಾಟರಿ ಕೊಟ್ಟು ನಿಲ್ಲಿಸಿದ್ದರೆ ಇನ್ನೂ ಕಾಲು ಗಂಟೆ ಉಳಿಯುತ್ತಿತ್ತು.

ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ಟವರು ಹತ್ತಿರ ಇದ್ದರೆ 112ಕ್ಕೆ ಕರೆ ಹೋಗುತ್ತದೆ. ಹಾಗಾಗಿ ಕಡ್ಡಿ ಕಾಣುವುದಿಲ್ಲ ಎಂದು ಬಿಟ್ಟುಬಿಡಬೇಡಿ, ಒಮ್ಮೆ ಒತ್ತಿ ನೋಡಿ. ಗುಂಡಿ ಫೋನು ಇರುವವರು 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ಹಾಗೆ ಇರಬೇಕು ಎಂದು 2017ರಿಂದ ಕಾಯಿದೆ ಇದೆ. ಮುದುಕರಿಗೆ ಇದು ಅನುಕೂಲ. (ಮಕ್ಕಳ ಕೈಗೆ ಆ ಫೋನು ಕೊಡಬೇಡಿ. ನನ್ನ ಮೊಮ್ಮಗ ಒಂದು ಸಲ ಒತ್ತಿ ಹಿಡಿದು ನಾನು ಕ್ಷಮೆ ಕೇಳಬೇಕಾಯ್ತು.) ಗಾಯಕ್ಕೆ, ಹಾವು ಕಚ್ಚಿದ್ದಕ್ಕೆ ನೇರ 108 ಒತ್ತುವುದೇ ವಾಸಿ. ಹೊಳೆಬಾಯಿಯಲ್ಲಿ, ಕಡಲಲ್ಲಿ ಎಂತಾದರೂ ಆದರೆ ಕರಾವಳಿ ಕಾವಲು ಪೊಲೀಸರ 1093. ಭಟ್ಕಳ, ಹೊನ್ನಾವರ, ಕುಮಟಾ ಮೂರರಲ್ಲೂ ಅವರ ಠಾಣೆ ಬೇರೆಯೇ ಇದೆ. ಕರೆಂಟಿನ ತಂತಿ ಗದ್ದೆಗೆ ಬಿದ್ದರೆ 1912.

ಹೆದ್ದಾರಿ ಪಕ್ಕದವರಿಗೆ ಇನ್ನೊಂದು ಮಾತು. 2015ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ, ಗ್ಯಾಸು ಮನೆಗಳ ಒಳಗೆ ಹೊಕ್ಕು ಬೆಂಕಿ ಹತ್ತಿತ್ತು. ಎಷ್ಟೋ ಜನ ಸುಟ್ಟುಕೊಂಡು ಜೀವ ಬಿಟ್ಟರು. ಟ್ಯಾಂಕರ್ ಬಿದ್ದದ್ದು ಕಂಡರೆ ಗಾಡಿ ಪಲ್ಟಿ ಎಂದಷ್ಟೇ ಹೇಳಬೇಡಿ. ಟ್ಯಾಂಕರ್, ಗ್ಯಾಸ್ ವಾಸನೆ ಎಂದೇ ಹೇಳಿ. ಗಾಳಿ ಬರುವ ದಿಕ್ಕಿಗೆ ದೂರ ಓಡಿ ಆಮೇಲೆ ಫೋನು ಒತ್ತಿ. ಒಲೆ ಹಚ್ಚಬೇಡಿ, ಸ್ವಿಚ್ಚು ಮುಟ್ಟಬೇಡಿ.

ನಮ್ಮ ಕೇರಿಯಲ್ಲಿ ಮಾಡಿಕೊಂಡದ್ದು

ಆ ಹೆಡ್ ಕಾನ್‌ಸ್ಟೇಬಲ್ಲರೇ ಇನ್ನೊಂದು ದಾರಿ ತೋರಿಸಿದರು. ನಮ್ಮ ರಾಜ್ಯದಲ್ಲಿ 2017ರಿಂದ ಒಬ್ಬೊಬ್ಬ ಪೊಲೀಸಿಗೆ ಇಂತಿಷ್ಟು ಊರು ಎಂದು ಬೀಟು ಹಂಚಿದ್ದಾರೆ. ನಮ್ಮ ಬೀಟಿನವರು ಯಾರು ಎಂದು ಕೇರಿಯಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಶಾಲೆಯ ಮಾಸ್ತರು ಹೋಗಿ ಕೇಳಿಕೊಂಡು ಬಂದರು. ಹೊನ್ನಾವರ ಕಡೆಯ ಹುಡುಗ, ಅವನ ಅಪ್ಪನೂ ಗದ್ದೆ ಮಾಡಿದವ. ದೇವಸ್ಥಾನದ ಅಂಗಳಕ್ಕೆ ಕರೆದು ಎಲ್ಲರೂ ಮಾತಾಡಿದೆವು. ಅವನು ತನ್ನ ಕಷ್ಟವನ್ನೂ ಹೇಳಿದ. ಹಬ್ಬ, ಜಾತ್ರೆ, ಮಂತ್ರಿಗಳ ಬರವು ಎಂದು ಬಂದೋಬಸ್ತಿಗೆ ಹೋದರೆ ರಾತ್ರಿ ಠಾಣೆಯಲ್ಲಿ ಉಳಿಯುವವರು ಇಬ್ಬರೋ ಮೂವರೋ, ಅದರಲ್ಲಿ ಒಬ್ಬ ಕಾವಲಿಗೆ. ಕೇಳಿದಾಗ ಪಾಪ ಅನಿಸಿತು. ಹಿಂದಿನಿಂದ ನಮ್ಮ ಕೇರಿಯ ಒಬ್ಬ ಮುದುಕಿ, "ಮಗಾ, ಮಂತ್ರಿಗೆ ಕತ್ತಿ ಹಿಡ್ದು ಯಾರೂ ಬರೂದಿಲ್ಲ, ನಮ್ಮ ಹತ್ರ ಬತ್ತರು" ಅಂದಳು. ಅವನು ನಕ್ಕ. ನಮಗೆ ನಗು ಬರಲಿಲ್ಲ.

ಆಮೇಲೆ ಮಾಸ್ತರು ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಬರೆದರು. ಜಿಲ್ಲೆಯಿಂದ ಹಿಡಿದು ಕೇರಿಯವರೆಗೆ ವಿಳಾಸ, ಗುರುತಿಗೆ ಶಾಲೆ, ಡಾಂಬರು ರಸ್ತೆಯಿಂದ 700 ಮೀಟರು, ಸಂಕ ದಾಟಿ ಬಲಕ್ಕೆ, ಟ್ರಾನ್ಸ್‌ಫಾರ್ಮರ್ ಕಂಬದ ನಂಬರು, 112, ಬೀಟು ಪೊಲೀಸರ ನಂಬರು. 23 ಮನೆಯ ಗೋಡೆಗೂ ಅಂಟಿಸಿದ್ದೇವೆ. ಗಾಬರಿಯಲ್ಲಿ ಏನೂ ನೆನಪಾಗುವುದಿಲ್ಲ, ನೋಡಿ ಓದಿದರೆ ಸಾಕು. ಕೂಗು ಕೇಳಿಸಿದರೆ ಹಲಸಿನ ಮರಕ್ಕೆ ಯಾರು ಓಡಬೇಕು, ಸಂಕದ ಹತ್ತಿರ ಬ್ಯಾಟರಿ ಹಿಡಿದು ಯಾರು ನಿಲ್ಲಬೇಕು ಎಂದು ಮನೆ ಹಂಚಿಕೊಂಡಿದ್ದೇವೆ. ಹಿಂದೆಲ್ಲ ಕೂ ಹಾಕಿದರೆ ಮೂರು ಕೇರಿಗೆ ಕೇಳುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಟೀವಿ. ಅದಕ್ಕೆ ಶಾಲೆಯ ಹಳೆ ಗಂಟೆಯನ್ನು ತಂದು ಮರಕ್ಕೆ ಕಟ್ಟಿದೆವು.

ಬೇಲಿಯ ಮೂಲಕ್ಕೂ ಕೈ ಹಾಕಬೇಕಲ್ಲ. ಅಣ್ಣನ ಮಗ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಹಾಕಿದ. ಮೂರು ತಿಂಗಳ ಮೇಲೆ ಸರ್ವೆಯವರು ಬಂದು ಹೊರಗಡಿ ಅಳೆದು ಕಲ್ಲು ತೋರಿಸಿಕೊಟ್ಟರು. ನೋಡಿದರೆ ಗಾಡಿ ಹಾದಿ ನಕ್ಷೆಯಲ್ಲೇ ಇದೆ, ಅಣ್ಣನದೂ ಅಲ್ಲ, ತಮ್ಮನದೂ ಅಲ್ಲ! ಒಳಗಿನ ಹಿಸ್ಸೆಗೆ 11ಇ ನಕ್ಷೆ, ಪೋಡಿ ಆಗಬೇಕು. ಅದಕ್ಕೆ ಇಬ್ಬರೂ ಒಪ್ಪಿ ಸಹಿ ಹಾಕಬೇಕು, ಇಲ್ಲವಾದರೆ ಕೋರ್ಟು. ಜಂಟಿ ಖಾತೆ ಇಟ್ಟುಕೊಂಡು ಅಪ್ಪ ಇರುವಷ್ಟು ದಿನ ತಳ್ಳಿದವರು ಓದುಗರಲ್ಲಿ ಇದ್ದರೆ, ಅಪ್ಪ ಇರುವಾಗಲೇ ಪೋಡಿ ಮಾಡಿಸಿಕೊಳ್ಳಿ. ಅದರ ಖರ್ಚು ಎಷ್ಟಾದರೂ ಎರಡು ಬೆರಳಿಗಿಂತ ಅಗ್ಗ.

ಎರಡನೇ ಫೋನು

2025ರ ಏಪ್ರಿಲಿನಲ್ಲಿ ತಮ್ಮ ಜಾಮೀನಿನ ಮೇಲೆ ಹೊರಗೆ ಇದ್ದ. ಶೇಂಗಾ ಕಿತ್ತು ಮನೆಗೆ ತರುವ ಕಾಲ. ಒಂದು ಸಂಜೆ ಮತ್ತೆ ಕುಡಿದು ಬಂದು ಅಣ್ಣನ ಮನೆಯ ದಣಪೆ ಒದ್ದ. ಈ ಸಲ ಅವನ ಅತ್ತಿಗೆ ಓಡಿ ಬಂದದ್ದು ನನ್ನ ಹತ್ತಿರ ಕೇಳಲಿಕ್ಕಲ್ಲ. ಹಾಳೆ ಕೈಯಲ್ಲೇ ಇತ್ತು. ಅವಳೇ 112 ಒತ್ತಿ, ಒಂದು ಉಸಿರಿನಲ್ಲಿ ಜಿಲ್ಲೆಯಿಂದ ಕಂಬದ ನಂಬರಿನ ತನಕ ಓದಿ, "ಹೋದ ಸಲ ಕಡ್ದವ್ನೇ ಬಂದಾನೆ, ಕೈಲಿ ಕೊಡ್ಲಿ ಅದೆ, ಮನೇಲಿ ಮಕ್ಳಿದಾರೆ" ಅಂದಳು. ಜಾಗದ ಜಗಳ ಎಂಬ ಮಾತನ್ನೇ ಎತ್ತಲಿಲ್ಲ. ಆಚೆಯವರು ಏನೋ ಕೇಳಿದರು. "ಇಲ್ಲೇ ನಿಂತ್ಕಂಡಿರ್ತೆ, ಫೋನು ಮಾಡಿ" ಎಂದಳು. ಮಾಸ್ತರು ಬೀಟು ಹುಡುಗನಿಗೆ ಫೋನು ಮಾಡಿದರು. ನನ್ನ ಮಗ ಗಂಟೆ ಬಾರಿಸಿದ. ಹತ್ತು ಹದಿನೈದು ಜನ ಬ್ಯಾಟರಿ ಹಿಡಿದು ದೂರದಲ್ಲೇ ಸುತ್ತ ನಿಂತೆವು, ಯಾರೂ ಮೈ ಮೇಲೆ ಹೋಗಲಿಲ್ಲ.

ಜೀಪು 35 ನಿಮಿಷಕ್ಕೆ ಬಂತು. ಕೊಡಲಿ ಕಿತ್ತುಕೊಂಡು ಅವನನ್ನು ಕೂರಿಸಿಕೊಂಡು ಹೋದರು. ಯಾರಿಗೂ ಗೀರು ಗಾಯ ಆಗಲಿಲ್ಲ. 35 ನಿಮಿಷ ಕಡಿಮೆಯೋ ಹೆಚ್ಚೋ ನನಗೆ ಹೇಳಲು ಬರುವುದಿಲ್ಲ. ಕೊಡಲಿ ಹಿಡಿದವನ ಎದುರು ನಿಂತು ಎಣಿಸಿದರೆ ಬಹಳ ಹೊತ್ತು. ನಮ್ಮ ರಸ್ತೆ, ಘಟ್ಟದ ತಿರುವು ನೋಡಿದರೆ ಬೇಗವೇ ಬಂದರು ಎನ್ನಬೇಕು.

ಮೊದಲ ರಾತ್ರಿಯ ಫೋನಿನ ಲೆಕ್ಕ ನನಗೆ ಬೇಕಿತ್ತು. ಠಾಣೆಗೆ ಬಂದ ಕರೆ ದಿನಚರಿಯಲ್ಲಿ ಬರೆದಿದೆಯಾ, 112ರ ಕರೆ ಎಷ್ಟಕ್ಕೆ ಬಂತು, ಗಾಡಿಗೆ ಎಷ್ಟಕ್ಕೆ ತಿಳಿಸಿದರು, ಗಾಡಿ ಎಷ್ಟಕ್ಕೆ ಮುಟ್ಟಿತು ಎಂದು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದ ಮೀರಬಾರದು. 112ರ ಸಮಯಗಳು ಬಂದವು, ನನ್ನ ಫೋನಿನಲ್ಲಿ ಇದ್ದದ್ದಕ್ಕೆ ತಾಳೆಯಾಯಿತು. 6:40ರ ಕರೆಯ ಬಗ್ಗೆ ಅಂಥ ದಾಖಲೆ ಇಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಕಾಗದವನ್ನು ಮಡಚಿ ಆ ಸೊಸೈಟಿ ಕ್ಯಾಲೆಂಡರಿನ ಹಿಂದೆಯೇ ಸಿಕ್ಕಿಸಿದ್ದೇನೆ.

ಕೇಸು ನಡೆಯುತ್ತಿದೆ. ತಾರೀಕಿಗೆ ನಾನೂ ಸಾಕ್ಷಿಯಾಗಿ ಹೋಗುತ್ತೇನೆ, ಪ್ರತಿ ಸಲ ಒಂದು ದಿನದ ಕೆಲಸ ಹಾಳು. ಅಣ್ಣ ಎಡಗೈಯಲ್ಲಿ ಹುಲ್ಲು ಕೊಯ್ಯುವುದನ್ನು ಕಲಿತಿದ್ದಾನೆ, ಟಿಲ್ಲರ್ ಹಿಡಿಯಲು ಮಗ ಬೇಕು. ಬೇಲಿ ಹಾದಿಯ ಮೇಲೆ ಈಗಲೂ ಇದೆ. ತೆಗೆಸುವ ಅರ್ಜಿ ತಹಸೀಲ್ದಾರರ ಕಚೇರಿಯಲ್ಲಿದೆ. ಅಲ್ಲಿಯವರೆಗೆ ನಾಲ್ಕು ಮನೆಯವರು ಶೇಂಗಾ ಚೀಲವನ್ನು ಹೊಳೆದಂಡೆ ಸುತ್ತಿ ತಲೆ ಮೇಲೆ ಹೊತ್ತೇ ತರುತ್ತೇವೆ.